ಶಿಲ್ಪಿಗೆ ಪಗಾರ ಕೊಡಬೇಡ

ಪ್ರೀತಿಯ ತಮ್ಮ,

ನೀನು ಬರೆದ ಬೇಲೂರಿನ ಕಥೆ ಓದಿದೆ. ಚೆನ್ನಾಗಿದೆ, ಸುಮ್ನೆ ಹೊಗಳುತ್ತಿಲ್ಲ. ಕಲ್ಲಿನ ಪುಡಿ ಕುಡಿದು ಕೆಮ್ಮುವ ಆ ಶಿಲ್ಪಿ ಮನಸ್ಸಿನಲ್ಲಿ ಉಳಿಯುತ್ತಾನೆ. ಆದರೆ ಕಥೆ ನಡೆಯುವುದು 1117ರಲ್ಲಿ, ಚೆನ್ನಕೇಶವನ ಪ್ರತಿಷ್ಠೆಯಾದ ವರ್ಷ. ಅಲ್ಲಿ ಮೇಸ್ತ್ರಿ ಬಂದು ಪಗಾರ ಕೊಡುತ್ತಾನೆ, ಶಿಲ್ಪಿಯ ಹೆಂಡತಿ ಸಾರಿಗೆ ಮೆಣಸಿನಕಾಯಿ ಅರೆಯುತ್ತಾಳೆ. ಮೇಸ್ತ್ರಿ, ಪಗಾರ ಎರಡೂ ಪೋರ್ಚುಗೀಸರಿಂದ ಬಂದ ಪದಗಳು. ಅವರ ಹಡಗು ಕಲ್ಲಿಕೋಟೆಗೆ ಬಂದಿದ್ದೇ 1498ರಲ್ಲಿ. ಶಿಲ್ಪಿಗೆ ಕೂಲಿ ಕೊಡಿಸು, ಸಾಕು.

ಮೆಣಸಿನಕಾಯಿಯದು ಇನ್ನೂ ಮಜ. ಗಿಡ ಅಮೆರಿಕದ್ದು, ಇಲ್ಲಿಗೆ ಬಂದಿದ್ದು ಅದೇ ಪೋರ್ಚುಗೀಸರ ಕೈಯಿಂದ. ಅದಕ್ಕೂ ಮೊದಲು ನಮ್ಮಲ್ಲಿ ಮೆಣಸು ಅಂದರೆ ಕಾಳುಮೆಣಸು ಒಂದೇ. ಹೊಸದಾಗಿ ಬಂದ ಕಾಯಿ ಹಾಗೇ ಖಾರ ಇತ್ತಲ್ಲ, ಜನ ಅದಕ್ಕೂ ಮೆಣಸಿನ ಹೆಸರನ್ನೇ ಅಂಟಿಸಿದರು. ಆಮೇಲೆ ಅದು ಎಷ್ಟು ಬೆಳೆಯಿತೆಂದರೆ ಹಳೆಯ ಮೆಣಸೇ ತಾನು ಯಾರು ಅಂತ ಹೇಳಿಕೊಳ್ಳಬೇಕಾಯಿತು: ಕರಿಮೆಣಸು, ಕಾಳುಮೆಣಸು, ಮಂಗಳೂರು ಕಡೆ ಒಳ್ಳೆಮೆಣಸು. ನೆಗಡಿಯಾದಾಗ ಅಮ್ಮ ಮಾಡುವ ಮೆಣಸಿನಸಾರಿನಲ್ಲಿ ಮಾತ್ರ ಹಳೆಯ ಅರ್ಥ ಇನ್ನೂ ಗಟ್ಟಿಯಾಗಿ ಕೂತಿದೆ. ಹಾಗಾಗಿ ನಿನ್ನ ಅಡುಗೆಮನೆ ದೃಶ್ಯ ಕೆಡುವುದಿಲ್ಲ. 'ಕಾಯಿ' ತೆಗೆದು ಹಾಕು, ಅಷ್ಟೇ.

ಹಾಗಂತ ಹಾಲು, ಹೂ, ಹಳ್ಳಿ ಬದಲು ಹಳಗನ್ನಡದ ಪಾಲು, ಪೂ, ಪಳ್ಳಿಯನ್ನು ಪಾತ್ರಗಳ ಬಾಯಿಗೆ ತುರುಕಬೇಡ. ಓದುವವರು ಓಡಿಹೋಗುತ್ತಾರೆ. ಹಾಲು ಪಾಲಾಗಿದ್ದಾಗಲೂ ಕುಡಿಯುವ ಹಾಲೇ. ನಾನು ಹೇಳುತ್ತಿರುವುದು ಪದದ ಜೊತೆಗೆ ವಸ್ತುವೋ ವ್ಯವಸ್ಥೆಯೋ ಬೇರೆ ಕಾಲದಿಂದ ನುಸುಳಿ ಬರುತ್ತದಲ್ಲ, ಅದರ ಬಗ್ಗೆ.

'ಗೌಡ್ರು' ಅನ್ನುವುದನ್ನೇ ನೋಡು. ಶಾಸನಗಳಲ್ಲಿ ಅದು ಗಾವುಂಡ, ಊರಿನ ಮುಖ್ಯಸ್ಥನ ಹುದ್ದೆ. 10ನೇ ಶತಮಾನದಲ್ಲಿ ನಾಗರಖಂಡದ ಜಕ್ಕಿಯಬ್ಬೆ, ಗಂಡ ತೀರಿಕೊಂಡ ಮೇಲೆ ನಾಳ್ಗಾವುಂಡ, ಅಂದರೆ ನಾಡಿನ ಗಾವುಂಡನ, ಅಧಿಕಾರ ವಹಿಸಿಕೊಂಡಳು. ಇವತ್ತು ಗೌಡ ಅಂದರೆ ಓದುವವರ ತಲೆಗೆ ಮೊದಲು ಬರುವುದು ಜಾತಿ. ನೀನು ಗಾವುಂಡ ಅಂತಲೇ ಬರೆದರೆ ಹುದ್ದೆ ಕಾಣುತ್ತದೆ. ಅಲ್ಲಿ ಒಬ್ಬ ಹೆಂಗಸನ್ನು ಕೂರಿಸುವ ಜಾಗವೂ ಇದೆ, ಯೋಚಿಸು.

ಇನ್ನು ಆ ವ್ಯಾಪಾರಿ. ಬೆಂಗಳೂರಿನವನು ಅಂತ ಹೇಳಿಕೊಂಡು, ವೀರಬಲ್ಲಾಳನಿಗೆ ಅಜ್ಜಿ ಬೇಯಿಸಿದ ಕಾಳು ಕೊಟ್ಟಿದ್ದಕ್ಕೆ ಬೆಂದಕಾಳೂರು ಆಯಿತು ಅಂತ ಕಥೆ ಹೊಡೆಯುತ್ತಾನೆ. ಮಾರಾಯ, ವೀರಬಲ್ಲಾಳ ಅಂದರೆ ಈ ಗುಡಿ ಕಟ್ಟಿಸಿದ ವಿಷ್ಣುವರ್ಧನನ ಮೊಮ್ಮಗ! 1117ರಲ್ಲಿ ಅವನಿನ್ನೂ ಹುಟ್ಟೇ ಇಲ್ಲ. ತಮಾಷೆ ಅಂದರೆ ಊರಿನ ಹೆಸರು ಮಾತ್ರ ಸರಿಯಾಗಿದೆ. ಬೇಗೂರಿನಲ್ಲಿ ಸುಮಾರು 890ರ ವೀರಗಲ್ಲು ಶಾಸನವೊಂದಿದೆ, ಗಂಗರ ಕಾಲದ್ದು, ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಅಜ್ಜಿ ಕಥೆಗಿಂತ ಹೆಸರೇ ಹಳೆಯದು. ವ್ಯಾಪಾರಿಯನ್ನು ಇಟ್ಟುಕೋ, ಕಾಳು ಬಿಡು.

ಊರ ಹೆಸರಿಗೆ ಇಷ್ಟು ಚೆಂದದ ಕಥೆ ಸಿಕ್ಕಿದರೆ ನನಗಂತೂ ಅನುಮಾನ ಜಾಸ್ತಿ. ಅನುಮಾನ ಬಂದಾಗ ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ತೆಗೆ. ಪದದ ಕೆಳಗೆ ಶಾಸನ, ಕಾವ್ಯಗಳಲ್ಲಿನ ಹಳೆಯ ಪ್ರಯೋಗಗಳನ್ನು ಕೊಟ್ಟಿರುತ್ತಾರೆ. ಅರ್ಥ ಬಿಟ್ಟು ಅವನ್ನೇ ಮೊದಲು ಓದು.

ಕೊನೆಗೆ, ನಿನ್ನ ಶಿಲ್ಪಿಗೆ ತೇಜಸ್ ಅಂತ ಯಾಕಪ್ಪಾ ಹೆಸರಿಟ್ಟೆ? ನನಗೆ ಪಕ್ಕದ ಮನೆಯ ಹುಡುಗನೇ ಕಾಣುತ್ತಾನೆ. ಬೇಲೂರಿನ ಶಿಲ್ಪಿಗಳು ವಿಗ್ರಹಗಳ ಕೆಳಗೆ ತಮ್ಮ ಹೆಸರು, ಊರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಒಂದು ದಿನ ಬಸ್ ಹತ್ತಿ ಹೋಗಿ ಆ ಹೆಸರುಗಳನ್ನು ಬರೆದುಕೊಂಡು ಬಾ, ಆಮೇಲೆ ಎರಡನೇ ಕರಡು ಕಳಿಸು.