ತಿಂಗಳಿಗೆ ಶೇ. 15 ಲಾಭವೆಂಬ ಮಾತೇ ಸಾಕ್ಷಿ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ನಾನು 31 ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಯುಗಾದಿ ಕಳೆದ ಮರುವಾರ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಮೊಬೈಲ್ ಹಿಡಿದುಕೊಂಡು ಮನೆಗೆ ಬಂದರು. ಪರದೆಯ ಮೇಲೆ ಅವರ ಹೆಸರಿನಲ್ಲಿ 11,840 ಡಾಲರ್, ಅಂದರೆ ಸುಮಾರು 10 ಲಕ್ಷ ರೂಪಾಯಿ ಇದೆಯೆಂದು ಹಸಿರು ಅಂಕಿಯಲ್ಲಿ ಕಾಣುತ್ತಿತ್ತು. ಏಳು ತಿಂಗಳ ಹಿಂದೆ ಅವರು ಎರಡು ಕಂತಿನಲ್ಲಿ ಕಟ್ಟಿದ್ದು 4 ಲಕ್ಷ. ನಿವೃತ್ತಿಯ ಇಡುಗಂಟಿನಿಂದ ತೆಗೆದದ್ದು. ಟೆಲಿಗ್ರಾಂ ಗುಂಪಿನಲ್ಲಿ ಪರಿಚಯವಾದ ವ್ಯಕ್ತಿಯೊಬ್ಬ ‘ಫಾರೆಕ್ಸ್ (ವಿದೇಶಿ ಕರೆನ್ಸಿ) ಟ್ರೇಡಿಂಗ್‌ನಲ್ಲಿ ತಿಂಗಳಿಗೆ ಶೇ. 15 ಖಚಿತ ಲಾಭ’ ಎಂದು ನಂಬಿಸಿದ್ದ. ಮೊದಲ ವಾರ 5,000 ರೂಪಾಯಿ ವಾಪಸ್ ಪಡೆಯಲು ಬಿಟ್ಟಿದ್ದ ಕಾರಣ ಮೇಷ್ಟ್ರಿಗೆ ಅನುಮಾನವೇ ಹುಟ್ಟಲಿಲ್ಲ. ಈಗ ಮಗಳ ಮದುವೆಗೆಂದು ಹಣ ಕೇಳಿದರೆ, ಲಾಭದ ಮೇಲೆ ಶೇ. 30ರಂತೆ 1,80,000 ರೂಪಾಯಿ ‘ತೆರಿಗೆ’ಯನ್ನು ಮುಂಚಿತವಾಗಿ ಕಟ್ಟಬೇಕೆಂದು ಉತ್ತರ ಬಂದಿತ್ತು. ಕಟ್ಟಬೇಕಾದ ಖಾತೆ ಯಾವುದೋ ‘ಟ್ರೇಡರ್ಸ್’ ಹೆಸರಿನ ಕರೆಂಟ್ ಖಾತೆ. ಅವರು ನನ್ನಲ್ಲಿಗೆ ಬಂದದ್ದು ಆ ಹಣವನ್ನು ಕೈಗಡವಾಗಿ ಕೇಳಲು.

ನಾನು ಅವರ ಖಾತೆಯ ಲೆಕ್ಕವನ್ನು ದಿನ ದಿನವೂ ಬಿಡಿಸಿ ನೋಡಿದೆ. ಪ್ರತಿದಿನ ಶೇ. 0.4ರಿಂದ 0.5ರಷ್ಟು ಲಾಭ ಜಮೆಯಾಗಿತ್ತು. ನಷ್ಟದ ದಿನ ಒಂದೂ ಇರಲಿಲ್ಲ. ಇನ್ನೂ ಮುಖ್ಯವಾಗಿ, ಶನಿವಾರವೂ ಭಾನುವಾರವೂ ಅಷ್ಟೇ ಲಾಭ ಬಂದಿತ್ತು. ಜಗತ್ತಿನ ಕರೆನ್ಸಿ ಮಾರುಕಟ್ಟೆ ನಮ್ಮ ಕಾಲಮಾನದ ಪ್ರಕಾರ ಶನಿವಾರ ಬೆಳಗಿನ ಜಾವ ಮುಚ್ಚಿದರೆ ಮತ್ತೆ ತೆರೆಯುವುದು ಸೋಮವಾರ ಬೆಳಗಿನ ಜಾವ. ಮುಚ್ಚಿದ ಮಾರುಕಟ್ಟೆಯಲ್ಲಿ ಲಾಭ ಮಾಡುವವರು ಯಾರೂ ಇಲ್ಲ. ಆ ಪರದೆಯ ಮೇಲಿದ್ದದ್ದು ಹಣವಲ್ಲ, ಯಾರೋ ಕುಳಿತು ಬರೆದ ಅಂಕಿ. ಇದನ್ನು ಹೇಳಿದಾಗ ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. 35 ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವರು ಅವರು.

ಸಚಿವರೇ, ಆ ಗಣಿತವನ್ನೇ ನಿಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ತಿಂಗಳಿಗೆ ಶೇ. 15ರಂತೆ ಲಾಭವನ್ನು ಅಸಲಿಗೆ ಸೇರಿಸುತ್ತಾ ಹೋದರೆ 1 ಲಕ್ಷ ರೂಪಾಯಿ ಒಂದು ವರ್ಷಕ್ಕೆ 5.35 ಲಕ್ಷವಾಗುತ್ತದೆ, ಎರಡು ವರ್ಷಕ್ಕೆ 28 ಲಕ್ಷ ದಾಟುತ್ತದೆ, ಐದು ವರ್ಷಕ್ಕೆ 43 ಕೋಟಿ ಮೀರುತ್ತದೆ. ಇಂಥ ವಿದ್ಯೆ ಬಲ್ಲವನಿಗೆ ಮೇಷ್ಟ್ರ 4 ಲಕ್ಷ ಏಕೆ ಬೇಕು? ಬ್ಯಾಂಕಿನಲ್ಲಿ ವರ್ಷಕ್ಕೆ ಶೇ. 12ರ ಬಡ್ಡಿಗೆ ಸಾಲ ತೆಗೆದು ತಾನೇ ಶ್ರೀಮಂತನಾಗಬಹುದಲ್ಲ. ಡಾಲರ್ ಬೆಲೆಯೇ 2011ರ ಮಧ್ಯದಲ್ಲಿ ಸುಮಾರು 45 ರೂಪಾಯಿ ಇದ್ದದ್ದು 2023ರ ಕೊನೆಗೆ ಸುಮಾರು 83 ರೂಪಾಯಿ ಆಯಿತು. ಹನ್ನೆರಡು ವರ್ಷಗಳಲ್ಲಿ ಎರಡರಷ್ಟೂ ಆಗಲಿಲ್ಲ.

‘ಲಿವರೇಜ್’ ಇದೆ, ಒಂದು ರೂಪಾಯಿ ಇಟ್ಟು 500 ರೂಪಾಯಿಯ ವ್ಯವಹಾರ ಮಾಡುತ್ತೇವೆ, ಆದ್ದರಿಂದ ಇಷ್ಟು ಲಾಭ ಸಾಧ್ಯ ಎಂದು ಈ ಜನ ಸಮಜಾಯಿಷಿ ಕೊಡುತ್ತಾರೆ. 500 ಪಟ್ಟು ಲಿವರೇಜ್ ಇದ್ದರೆ ಬೆಲೆ ಕೇವಲ ಶೇ. 0.2ರಷ್ಟು ವಿರುದ್ಧ ದಿಕ್ಕಿಗೆ ಸರಿದರೂ ಇಟ್ಟ ಹಣವೆಲ್ಲ ಹೋಗುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಇಂಥದೇ ಲಿವರೇಜ್ ವ್ಯವಹಾರ ನಡೆಸುವ ಯುರೋಪಿನ ಅಧಿಕೃತ ಕಂಪನಿಗಳಲ್ಲೇ ಶೇ. 74ರಿಂದ 89ರಷ್ಟು ಸಾಮಾನ್ಯ ಗ್ರಾಹಕರ ಖಾತೆಗಳು ನಷ್ಟದಲ್ಲಿವೆ ಎಂದು ಅಲ್ಲಿನ ಮಾರುಕಟ್ಟೆ ನಿಯಂತ್ರಣ ಪ್ರಾಧಿಕಾರ 2018ರಲ್ಲಿ ತಿಳಿಸಿ, ಪ್ರಮುಖ ಕರೆನ್ಸಿಗಳಿಗೆ ಲಿವರೇಜನ್ನು 30 ಪಟ್ಟಿಗೆ ಇಳಿಸಿತು. ಹೆಚ್ಚು ಲಾಭ ಒಮ್ಮೊಮ್ಮೆ ಬರಬಹುದು. ಹೆಚ್ಚು ಲಾಭ ತಪ್ಪದೆ ಪ್ರತಿ ತಿಂಗಳೂ ಬರುವುದಿಲ್ಲ.

ಈ ಮೋಸ ಹೊಸದೂ ಅಲ್ಲ. 1920ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪಾಂಜಿ 45 ದಿನಕ್ಕೆ ಶೇ. 50 ಲಾಭ ಕೊಡುವೆನೆಂದು ಹಣ ಎತ್ತಿದಾಗ ಹೇಳಿಕೊಂಡದ್ದೂ ದೇಶದೇಶಗಳ ಹಣದ ಬೆಲೆಯ ವ್ಯತ್ಯಾಸವನ್ನೇ; ಅಂತಾರಾಷ್ಟ್ರೀಯ ಅಂಚೆ ಕೂಪನ್ನುಗಳನ್ನು ಅಗ್ಗದ ದೇಶದಲ್ಲಿ ಕೊಂಡು ಅಮೆರಿಕದಲ್ಲಿ ಮಾರುತ್ತೇನೆಂದು ಆತ ಹೇಳುತ್ತಿದ್ದ. ಅವನು ಎತ್ತಿದ ಹಣಕ್ಕೆ 16 ಕೋಟಿ ಕೂಪನ್ನು ಬೇಕಿತ್ತು, ಚಲಾವಣೆಯಲ್ಲಿದ್ದದ್ದು ಸುಮಾರು 27,000. ಪತ್ರಿಕೋದ್ಯಮಿ ಕ್ಲಾರೆನ್ಸ್ ಬ್ಯಾರನ್ ಲೆಕ್ಕ ಹಾಕಿಯೇ ಇದನ್ನು ಎತ್ತಿ ತೋರಿಸಿದರು.

ನಮ್ಮಲ್ಲಿ ವ್ಯವಸ್ಥೆ ಬೆನ್ನಟ್ಟುತ್ತಿರುವುದು ವಂಚಕರ ಹೆಸರನ್ನು. ಅನುಮತಿಯಿಲ್ಲದ ಫಾರೆಕ್ಸ್ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ 34 ಹೆಸರುಗಳೊಂದಿಗೆ ಮೊದಲು ಪ್ರಕಟಿಸಿತು. ಆಮೇಲೆ ಅದು ಬೆಳೆಯುತ್ತಲೇ ಇದೆ. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಅನುಮತಿ ಇದೆ ಎಂದು ತಿಳಿಯಬಾರದೆಂದೂ ರಿಸರ್ವ್ ಬ್ಯಾಂಕೇ ಹೇಳಿದೆ. ಆದರೆ ಮೇಷ್ಟ್ರು ಪಟ್ಟಿ ನೋಡಿದ್ದರು, ಆ ಹೆಸರು ಅದರಲ್ಲಿ ಇರಲಿಲ್ಲ, ಆ ಧೈರ್ಯದಿಂದಲೇ ಎರಡನೆಯ ಕಂತು ಕಟ್ಟಿದರು. ವಂಚಕರು ರಾತ್ರೋರಾತ್ರಿ ಹೆಸರು ಬದಲಿಸಬಲ್ಲರು. ಬದಲಿಸಲಾಗದ್ದು ಆಮಿಷವನ್ನು. ಬ್ಯಾಂಕ್ ಠೇವಣಿಗಿಂತ ಎಷ್ಟೋ ಪಟ್ಟು ಹೆಚ್ಚಿನ, ‘ಖಚಿತ’ವಾದ ಲಾಭದ ಮಾತಿಲ್ಲದಿದ್ದರೆ ಅವರ ವ್ಯಾಪಾರವೇ ನಡೆಯದು.

ಬಡ್ಡಿಯ ದರವನ್ನೇ ಅಪರಾಧದ ಗುರುತಾಗಿ ನೋಡುವುದು ನಮ್ಮ ರಾಜ್ಯಕ್ಕೆ ಅಪರಿಚಿತವಲ್ಲ. ಮೀಟರ್ ಬಡ್ಡಿಯವರನ್ನು ಹಿಡಿಯಲೆಂದೇ 2004ರಲ್ಲಿ ವಿಪರೀತ ಬಡ್ಡಿ ವಿಧಿಸುವುದನ್ನು ನಿಷೇಧಿಸುವ ಕಾಯ್ದೆ ತಂದೆವು. ಕೊಡುವ ಬಡ್ಡಿ ವಿಪರೀತವಾದಾಗಲೂ ಅದೇ ಕಣ್ಣಿನಿಂದ ಏಕೆ ನೋಡಬಾರದು? ಅದಕ್ಕೆ ಹೊಸ ಕಾನೂನೂ ಬೇಕಿಲ್ಲ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಇಂಥ ಠೇವಣಿ ಸಂಗ್ರಹಕ್ಕೆ ಜಾಹೀರಾತು ಕೊಡುವುದೇ ನಿಷಿದ್ಧ; 21ನೇ ಸೆಕ್ಷನ್ ಪ್ರಕಾರ ಹಣ ಕಟ್ಟಿರೆಂದು ಕರೆದದ್ದಕ್ಕೇ ಒಂದರಿಂದ ಐದು ವರ್ಷ ಸಜೆ ಇದೆ. ಯಾರಾದರೂ ಹಣ ಕಳೆದುಕೊಂಡು ಅಳುತ್ತಾ ಬರುವವರೆಗೆ ಪೊಲೀಸರು ಕಾಯಬೇಕಾಗಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬಂತೆ ಆಗುವುದನ್ನು 2019ರಲ್ಲಿ ಐಎಂಎ ಎಂಬ ಹೂಡಿಕೆ ಕಂಪನಿ ಕುಸಿದಾಗ ಬೆಂಗಳೂರು ಕಂಡಿದೆ.

ಆದ್ದರಿಂದ ನನ್ನ ಮೊದಲ ಕೋರಿಕೆ ಇದು: ಕರೆನ್ಸಿ ವ್ಯವಹಾರದಲ್ಲಿ ನಿಗದಿತ ಮಾಸಿಕ ಅಥವಾ ದೈನಿಕ ಲಾಭದ ಭರವಸೆ ಕೊಡುವ ಜಾಹೀರಾತು ಕಂಡಲ್ಲಿ, ದೂರುದಾರರಿಲ್ಲದಿದ್ದರೂ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸುವಂತೆ ಜಿಲ್ಲೆಗಳ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗಳಿಗೆ ಲಿಖಿತ ಸೂಚನೆ ಕೊಡಿ. ಬ್ಯಾಂಕ್ ಶಾಖೆ, ಸಹಕಾರ ಸಂಘ, ಅಂಚೆ ಕಚೇರಿ ಮತ್ತು ಗ್ರಾಮ ಪಂಚಾಯಿತಿಗಳಲ್ಲಿ ಕನ್ನಡದ ಒಂದು ಫಲಕ ಹಾಕಿಸಿ. ‘ಎಚ್ಚರದಿಂದಿರಿ’ ಎಂಬ ಬರಿಯ ಮಾತು ಅದಕ್ಕೆ ಸಾಲದು, ಮೇಲೆ ನಾನು ಕೊಟ್ಟಂಥ ಲೆಕ್ಕವೂ ಸೈಬರ್ ವಂಚನೆಯ ದೂರಿಗಿರುವ 1930 ಸಹಾಯವಾಣಿಯ ಸಂಖ್ಯೆಯೂ ಇರಬೇಕು.

ಇನ್ನೊಂದು ಮಾತು. ಮೇಷ್ಟ್ರು ಮೊದಲು ಹೋದ ಠಾಣೆಯಲ್ಲಿ, ಹಣ ಹೋದ ಖಾತೆ ಬೇರೆ ರಾಜ್ಯದ್ದೆಂದು ಹೇಳಿ ಎರಡು ದಿನ ಅಲೆಸಿದರು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಗಂಟೆಗಳಲ್ಲಿ ಜಾರುವಾಗ ಎರಡು ದಿನ ಎಂದರೆ ಎಲ್ಲವೂ ಹೋದಂತೆ. ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿಯನ್ನು ದಾಖಲಿಸಿಕೊಳ್ಳಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ. ಅದು ಠಾಣೆಯ ಮೇಜಿನವರೆಗೆ ತಲುಪುವಂತೆ ನೋಡಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಮೇಷ್ಟ್ರನ್ನು ಸೇರಿಸಿಕೊಂಡಿದ್ದ ಗುಂಪು ಈಗ ಹೆಸರು ಬದಲಿಸಿದೆ; ಲಾಭದ ಭರವಸೆ ಮಾತ್ರ ಅದೇ ಶೇ. 15. ಅದರ ಜಾಹೀರಾತುಗಳ ಪ್ರತಿಗಳನ್ನೂ ಮೇಷ್ಟ್ರ ಒಪ್ಪಿಗೆ ಪಡೆದು ಅವರ ಖಾತೆಯ ಏಳು ತಿಂಗಳ ವಿವರವನ್ನೂ ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಶನಿವಾರ ಮತ್ತು ಭಾನುವಾರದ ಸಾಲುಗಳಿಗೆ ಕೆಂಪು ಗೆರೆ ಎಳೆದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ,
ತುಮಕೂರು ಜಿಲ್ಲೆ