ಆ ಮಕ್ಕಳನ್ನು ಗೇಟಿನ ಹೊರಗೂ ನಡೆಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ರಸ್ತೆ ಗುಂಡಿ, ಕಸ, ಕಾವೇರಿ ನೀರು ಯಾವುದರ ಬಗ್ಗೆಯೂ ಈ ಪತ್ರ ಅಲ್ಲ. ಅದನ್ನೆಲ್ಲ ನಮ್ಮ ಬೀದಿಯವರು ನಿಮಗೆ ಬೇಕಾದಷ್ಟು ಸಲ ಬರೆದಿದ್ದಾರೆ. ನಾನು ಕೇಳಬೇಕಾಗಿರುವುದು ನಮ್ಮ ಬೆಂಗಳೂರಿನ ಗಣರಾಜ್ಯೋತ್ಸವ ಪರೇಡ್ ವಿಷಯ.

1996ರ ಜನವರಿ 26ರಂದು ನಾನು ಕಬ್ಬನ್ ರಸ್ತೆ ಪಕ್ಕದ ಮಾಣೆಕ್ ಷಾ ಪರೇಡ್ ಮೈದಾನದಲ್ಲಿ ಹೆಜ್ಜೆ ಹಾಕಿದ್ದೆ. ಆಗ ಎಂಟನೇ ಕ್ಲಾಸು. ವಾರಗಟ್ಟಲೆ ಪ್ರಾಕ್ಟೀಸ್ ನಡೆದಿತ್ತು. ಬಿಳಿ ಕ್ಯಾನ್ವಾಸ್ ಶೂಗಳನ್ನು ತೊಳೆದು, ಕಲೆ ಹೋಗದ ಕಡೆ ಸೀಮೆಸುಣ್ಣ ಉಜ್ಜಿ ಇಟ್ಟಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅಮ್ಮನ ಕೈಲಿ ಎರಡು ಜಡೆ ಹಾಕಿಸಿಕೊಂಡೆ. ಮೈದಾನಕ್ಕೆ ಹೋದಾಗ ಹಲ್ಲು ಕಟಕಟ ಅನ್ನುವ ಚಳಿ. ನಮ್ಮ ಸರದಿ ಬರುವ ಹೊತ್ತಿಗೆ ನೆತ್ತಿ ಸುಡುವ ಬಿಸಿಲು. ನಮ್ಮ ಸಾಲಿನಲ್ಲಿ ಒಬ್ಬಳು ತಲೆ ಸುತ್ತಿ ಕೂತೇಬಿಟ್ಟಳು.

ಒಂದು ಗುಟ್ಟು ಹೇಳಲಾ? ಪರೇಡಿನಲ್ಲಿ ಇರುವವರಿಗೆ ಪರೇಡ್ ಕಾಣುವುದೇ ಇಲ್ಲ. ನನಗೆ ಕಂಡಿದ್ದು ಮುಂದಿದ್ದವಳ ಜಡೆ, ಅವಳ ಕತ್ತಿನ ಮೇಲಿನ ಬೆವರು, ಕತ್ತು ಬಲಕ್ಕೆ ತಿರುಗಿಸಿದಾಗ ಒಂದು ಕ್ಷಣ ವೇದಿಕೆಯ ಬಿಳಿ ಬಟ್ಟೆ. ಅಷ್ಟೇ. ಎಲ್ಲೋ ಹಿಂದಿನಿಂದ ಬ್ಯಾಂಡು. ರಾಜ್ಯಪಾಲರಿಗೆ ಸೆಲ್ಯೂಟ್ ಹೊಡೆದೆವು, ಆದರೆ ಅವರ ಮುಖ ನೋಡಿದ ನೆನಪಿಲ್ಲ.

ಅಮ್ಮನೂ ಬಂದಿದ್ದಳು. ರಾಜಾಜಿನಗರದಿಂದ ಬಿಟಿಎಸ್ ಬಸ್ಸು ಹತ್ತಿ, ಶಿವಾಜಿನಗರದಲ್ಲಿ ಇಳಿದು, ಅಲ್ಲಿಂದ ನಡೆದುಕೊಂಡು. ಶಾಲೆಗೆ ಸಿಕ್ಕಿದ್ದ ಪಾಸುಗಳು ಟೀಚರುಗಳಿಗೇ ಸಾಲದೆ ಹೋಗಿದ್ದವು. ಹಾಗಾಗಿ ಅವಳು ಕಬ್ಬನ್ ರಸ್ತೆಯ ಒಂದು ಮರದ ಕೆಳಗೆ ನಿಂತು ಬ್ಯಾಂಡ್ ಕೇಳಿಸಿಕೊಂಡಳು. ಮನೆಗೆ ಬಂದ ಮೇಲೆ, "ನೀನು ನಡೆಯುವಾಗ ಯಾವ ಟ್ಯೂನ್ ಬಾರಿಸ್ತಿದ್ದರು? ಅದು ಬಂದಾಗ ನೀನೇ ಅಂದ್ಕೊಳ್ಳೋಣ ಅಂತ" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಎಡ, ಬಲ ಎಣಿಸುವುದರಲ್ಲೇ ಮುಗಿದುಹೋಗಿತ್ತು.

ಈಗ ನನ್ನ ಮಗಳು ಎಂಟನೇ ಕ್ಲಾಸು. ಮುಂದಿನ ಜನವರಿಯ ಪರೇಡಿಗೆ ಅವಳ ಶಾಲೆ ಹೋಗುತ್ತಿದೆ. ಅವಳೂ ತಂಡದಲ್ಲಿದ್ದಾಳೆ. ಅಪ್ಪ-ಅಮ್ಮಂದಿರಿಗೆ ಪಾಸ್ ಉಂಟಾ ಎಂದು ಕೇಳಿದೆ. ಟೀಚರ್ ನಕ್ಕರು, ಪಾಪ. ಅವರ ತಪ್ಪೇನೂ ಇಲ್ಲ.

ಮೈದಾನದಲ್ಲಿ ಎಲ್ಲರನ್ನೂ ಕೂರಿಸಿ ಎಂದು ನಾನು ಕೇಳುತ್ತಿಲ್ಲ. ಅದು ಸೇನೆಯ ಜಾಗ. ಗಣ್ಯರು ಬರುತ್ತಾರೆ, ತಪಾಸಣೆ ಇರಲೇಬೇಕು. ನನ್ನ ಕೋರಿಕೆ ಇಷ್ಟು: ವಂದನೆ ಮುಗಿದ ಮೇಲೆ ತಂಡಗಳು ಸುಮ್ನೆ ಬಸ್ಸು ಹತ್ತುವ ಬದಲು ಗೇಟು ದಾಟಿ ಬರಲಿ. ಕಬ್ಬನ್ ರಸ್ತೆಯಲ್ಲಿ, ಮೈದಾನದ ಉದ್ದಕ್ಕೆ ಒಂದು ಸಲ ನಡೆಯಲಿ. ಅದಕ್ಕೆ ಹೊಸದಾಗಿ ರಸ್ತೆ ಮುಚ್ಚಬೇಕಾಗಿಲ್ಲ. ಆ ಬೆಳಗ್ಗೆ ಅಲ್ಲಿ ಹೇಗೂ ವಾಹನ ಬಿಡುವುದಿಲ್ಲ. ಖಾಲಿ ರಸ್ತೆ ಖಾಲಿಯಾಗಿಯೇ ಬಿದ್ದಿರುತ್ತದೆ.

ಎಂ.ಜಿ. ರಸ್ತೆ ಸಿಕ್ಕರೆ ಇನ್ನೂ ಚೆನ್ನ. 1948ರಲ್ಲಿ ಗಾಂಧೀಜಿಯ ಹೆಸರು ಬರುವ ತನಕ ಅದರ ಹೆಸರು ಸೌತ್ ಪರೇಡ್. ಪರೇಡ್ ಮೈದಾನದ ದಕ್ಷಿಣಕ್ಕಿದ್ದ ರಸ್ತೆ ಅಂತ. ಪರೇಡಿನಿಂದಲೇ ಹೆಸರು ಪಡೆದ ರಸ್ತೆಯಲ್ಲಿ ನಿಂತರೆ ಈಗ ಪರೇಡ್ ಕಾಣುವುದಿಲ್ಲ. ಮೆಟ್ರೊದಲ್ಲಿ ಹೋಗುವವರಿಗೆ ಕಿಟಕಿಯಿಂದ ಒಂದು ಗಳಿಗೆ ಮೈದಾನ ಕಂಡೀತು, ಅಷ್ಟರಲ್ಲಿ ರೈಲು ಸುರಂಗಕ್ಕೆ ಇಳಿಯುತ್ತದೆ.

ಮೈಸೂರಿನಲ್ಲಿ ಏನು ಮಾಡುತ್ತಾರೆ ನೋಡಿ. ಜಂಬೂ ಸವಾರಿಯನ್ನು ಅರಮನೆ ಆವರಣದಲ್ಲಿ ಕೂತು ನೋಡಬೇಕಾದರೆ ಪಾಸೋ ಟಿಕೆಟ್ಟೋ ಬೇಕು. ಆದರೆ ಆನೆ ಹೊರಗೆ ಬಂದು ಸಯ್ಯಾಜಿರಾವ್ ರಸ್ತೆ ಹಿಡಿದ ಮೇಲೆ ಅದು ಊರಿನವರದ್ದು. ಬನ್ನಿಮಂಟಪದ ತನಕ ಸುಮಾರು 5 ಕಿಲೋಮೀಟರ್, ಜನ ಎರಡೂ ಕಡೆ ಹಂಚಿಹೋಗುತ್ತಾರೆ. ಅಷ್ಟು ದೂರ ಯಾಕೆ, ನಮ್ಮೂರಿನ ಕರಗವನ್ನೇ ತಗೊಳ್ಳಿ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟು, ಪೇಟೆ ಬೀದಿಗಳನ್ನು ಸುತ್ತಿ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಕರಗ ನೋಡಲು ಯಾರಾದರೂ ಪಾಸ್ ಕೇಳಿದ್ದುಂಟಾ? ಮನೆ ಬಾಗಿಲಲ್ಲಿ ಮಲ್ಲಿಗೆ ಹಿಡಿದು ಕಾದರೆ ಸಾಕು.

ಜನಸಂದಣಿ ಎಂದರೆ ಈಗ ಎಲ್ಲರಿಗೂ ಭಯ ಎಂದು ಗೊತ್ತು. ನನಗೂ ಇದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಪರೇಡ್ ಮೈದಾನದಿಂದ ಅದು ಕೂಗಳತೆ ದೂರ. ಆದರೆ ಒಂದು ಗೇಟಿನ ಮುಂದೆ ನುಗ್ಗುವ ಜನವೇ ಬೇರೆ, ಉದ್ದನೆಯ ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಂತ ಜನವೇ ಬೇರೆ. ಒಳಗೆ ಹೋಗಲೇಬೇಕು ಅನ್ನುವ ಆತುರ ಇಲ್ಲದ ಕಡೆ ತಳ್ಳಾಟ ಕಡಿಮೆ. ಬ್ಯಾರಿಕೇಡ್ ಹಾಕಿ, ಇಷ್ಟೇ ಜನ ಎಂದು ಮಿತಿ ಇಡಿ, ಬೇಡ ಎನ್ನುವುದಿಲ್ಲ. ಪೊಲೀಸರು ಆಗದು ಎಂದರೆ ಯಾಕೆ ಆಗದು ಎಂದು ನಮಗೂ ಹೇಳಲಿ.

ಮಕ್ಕಳಿಗೆ ಸುಸ್ತಾಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸರ್, ಮಕ್ಕಳಿಗೆ ಸುಸ್ತಾಗುವುದು ನಡೆಯುವುದರಿಂದ ಅಲ್ಲ, ನಿಲ್ಲುವುದರಿಂದ. ಕಾಯುವ ಹೊತ್ತನ್ನು ಅರ್ಧ ಗಂಟೆ ಕಡಿಮೆ ಮಾಡಿ, ನೆರಳು ಕೊಡಿ, ಗೇಟು ದಾಟುವ ಮೊದಲು ಒಂದು ಲೋಟ ಮಜ್ಜಿಗೆ ಕೊಡಿ. ಆಮೇಲೆ ನೋಡಿ ಹೇಗೆ ನಡೆಯುತ್ತಾರೆ. ಅಲ್ಲಿ ಕಣ್ಣು ಕಾಣದ ಮಕ್ಕಳ ತಂಡವೂ ಹೆಜ್ಜೆ ತಪ್ಪದೆ ಸಾಗುತ್ತದೆ. ನಾನು ಅದನ್ನು ಟಿವಿಯಲ್ಲಿ ಮಾತ್ರ ನೋಡಿದ್ದೇನೆ. ಕ್ಯಾಮೆರಾ ಎರಡು ಸೆಕೆಂಡ್ ತೋರಿಸಿ ವೇದಿಕೆಯ ಕಡೆ ತಿರುಗಿಬಿಡುತ್ತದೆ. ಆ ಮಕ್ಕಳಿಗೆ ಎರಡು ಬದಿಯಿಂದಲೂ ಚಪ್ಪಾಳೆ ಕೇಳಿಸಬೇಕಲ್ವಾ?

ಇದು ನಿಮ್ಮೊಬ್ಬರ ಕೈಯಲ್ಲಿ ಇಲ್ಲ ಎಂದು ಗೊತ್ತು. ಆದರೆ ಪೂರ್ವಸಿದ್ಧತಾ ಸಭೆ ನಡೆಯುವಾಗ ಯಾರಾದರೂ ಬಾಯಿ ಬಿಟ್ಟು ಕೇಳಬೇಕು. ನಿಮಗೆ ಓಟು ಹಾಕಿದವಳು ನಾನು, ನೀವೇ ಕೇಳಿ. ಎಲ್ಲ ತಂಡ ಬೇಡ ಎಂದರೆ ಮೊದಲ ವರ್ಷ ಶಾಲಾ ಮಕ್ಕಳು ಮತ್ತು ಒಂದು ಬ್ಯಾಂಡು ಸಾಕು.

ಇನ್ನೊಂದು ಸಣ್ಣ ವಿಷಯ. ಅಮ್ಮನಿಗೆ ಈಗ ಎಪ್ಪತ್ತು, ಮಂಡಿ ನೋವು. ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಮೊಮ್ಮಗಳನ್ನು ನೋಡಲು ಬಂದೇ ಬರುತ್ತೇನೆ, ಆ ಮರ ಇನ್ನೂ ಇದೆಯಾ ನೋಡಿಕೊಂಡು ಬಾ ಎನ್ನುತ್ತಿದ್ದಾಳೆ. ಕಬ್ಬನ್ ರಸ್ತೆಯ ಪಕ್ಕದಲ್ಲಿ ಒಂದು ಮಡಚುವ ಕುರ್ಚಿ ಹಾಕಿಕೊಳ್ಳಲು ಬಿಡುತ್ತಾರಾ, ಅದನ್ನೂ ವಿಚಾರಿಸಿ ಹೇಳಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು