ಪಿಎಚ್‌ಡಿಗೆ ಹೊರಟ ಪುಟ್ಟಿಗೆ ದೊಡ್ಡಪ್ಪನ ಕಾಗದ

ಪುಟ್ಟಿ, ಆಶೀರ್ವಾದಗಳು.

ಅನಿಮಲ್ ಎಥಿಕ್ಸ್, ಅಂದ್ರೆ ಪ್ರಾಣಿಗಳ ಜೊತೆ ನಾವು ಹೇಗೆ ನಡ್ಕೋಬೇಕು ಅನ್ನೋ ವಿಷಯದಲ್ಲೇ ಪಿಎಚ್‌ಡಿ ಮಾಡೋದು ಅಂತ ಗಟ್ಟಿ ಮಾಡ್ಕೊಂಡಿದೀಯಂತೆ, ನಿಮ್ಮಪ್ಪ ಹೇಳ್ದ. ಇದನ್ನ ಓದಿದ್ರೆ ಯಾರು ಕೆಲಸ ಕೊಡ್ತಾರೆ ಅಂತ ಅವನಿಗೆ ಗಾಬರಿ, ಅದನ್ನ ನಾನು ನೋಡ್ಕೋತೀನಿ ಬಿಡು. ನಾನು ಪಶುವೈದ್ಯ, ಫಿಲಾಸಫಿ ಕ್ಲಾಸಲ್ಲಿ ಕೂತೋನಲ್ಲ, ಈ ಪುಸ್ತಕಗಳನ್ನೆಲ್ಲ ಕೈಗೆತ್ಕೊಂಡಿದ್ದೇ ರಿಟೈರ್ ಆದ್ಮೇಲೆ. ಹಾಗಾಗಿ ನಿನ್ನ ಗೈಡ್ ಬೇರೆ ಥರ ಹೇಳಿದ್ರೂ ಹೇಳ್ಬಹುದು, ಆದ್ರೂ ಒಂದ್ಸಲ ಓದು.

ನೀನು ಕಳ್ಸಿದ ಪ್ರಪೋಸಲ್ ಓದ್ದೆ. ಚೆನ್ನಾಗಿ ಬರೆದಿದೀಯ, ಆದ್ರೆ ಅದರಲ್ಲಿ ಪ್ರೊಫೆಸರ್‌ಗಳು ಸಾಲಾಗಿ ನಿಂತಿದಾರೆ, ಒಂದೇ ಒಂದು ಕೋಳಿ ಇಲ್ಲ! ಪೀಟರ್ ಸಿಂಗರ್ 1975ರಲ್ಲಿ ನೋವನ್ನ ಲೆಕ್ಕಕ್ಕೆ ತಗೊಳ್ಳೋವಾಗ ಯಾವ ಜಾತಿಯ ಪ್ರಾಣಿ ಅಂತ ನೋಡ್ಬಾರದು ಅಂದ್ರು, ಟಾಮ್ ರೀಗನ್ 1983ರಲ್ಲಿ ಹಾಗೆ ಕೂಡಿ ಕಳೆಯೋ ಲೆಕ್ಕವೇ ತಪ್ಪು, ತನ್ನ ಬದುಕನ್ನ ತಾನು ಅನುಭವಿಸೋ ಪ್ರತಿ ಪ್ರಾಣಿಗೂ ಹಕ್ಕಿದೆ ಅಂದ್ರು, ಗ್ಯಾರಿ ಫ್ರಾನ್ಸಿಯೋನ್ ಬಂದು ಪ್ರಾಣಿ ಒಬ್ಬರ ಆಸ್ತಿಯಾಗಿರೋ ತನಕ ಪಂಜರ ದೊಡ್ಡದು ಮಾಡಿ ಏನು ಬಂತು ಅಂತ ಕೇಳಿದ್ರು. ಇದೆಲ್ಲ ಗೊತ್ತಿರ್ಲೇಬೇಕು, ಇಲ್ಲ ಅನ್ನಲ್ಲ, ಆದ್ರೆ ಈ ಮೂವರಲ್ಲಿ ಯಾರು ಸರಿ ಅಂತ ಇನ್ನೊಂದು ಥೀಸಿಸ್ ಬಂದ್ರೆ ಯಾರು ಓದ್ತಾರೆ ಹೇಳು, ಆಗ್ಲೇ ರಾಶಿ ರಾಶಿ ಬಂದಾಗಿದೆ.

ಕೋಳಿ ವಿಷಯ ಯಾಕೆ ತೆಗೆದೆ ಅಂದ್ರೆ, 1964ರಲ್ಲಿ ರೂತ್ ಹ್ಯಾರಿಸನ್ ಅನ್ನೋ ಹೆಣ್ಮಗಳು, ಪ್ರೊಫೆಸರ್ ಗಿಫೆಸರ್ ಏನಲ್ಲ, ಬ್ರಿಟನ್‌ನಲ್ಲಿ ಫ್ಯಾಕ್ಟರಿ ಥರ ನಡೆಯೋ ಸಾಕಣೆ ಬಗ್ಗೆ ಒಂದು ಪುಸ್ತಕ ಬರೆದ್ರು, ಜನ ಎಷ್ಟು ರೇಗಿದ್ರು ಅಂದ್ರೆ ಸರ್ಕಾರ ಬ್ರಾಂಬೆಲ್ ಅನ್ನೋ ಪ್ರಾಣಿಶಾಸ್ತ್ರಜ್ಞರ ಕೈಕೆಳಗೆ ಕಮಿಟಿ ಮಾಡ್ಬೇಕಾಯ್ತು. 1965ರಲ್ಲಿ ರಿಪೋರ್ಟ್ ಬಂತು. ಪ್ರಾಣಿಗೆ ಕನಿಷ್ಠ ಎದ್ದು ನಿಲ್ಲೋಕೆ, ಮಲಗೋಕೆ, ತಿರುಗೋಕೆ, ಮೈ ನೆಕ್ಕಿಕೊಳ್ಳೋಕೆ, ಕೈಕಾಲು ಚಾಚೋಕೆ ಜಾಗ ಇರ್ಬೇಕು ಅಂದಿದ್ದು ಅದೇ ರಿಪೋರ್ಟು. ಅದರಲ್ಲಿ ಇನ್ನೊಂದು ಮಾತೂ ಇತ್ತು, ಕೋಳಿ ಪಂಜರದ ತಳಕ್ಕೆ ತೆಳ್ಳನೆ ತಂತಿಯ ಆರು ಮೂಲೆ ಬಲೆ ಹಾಕ್ಬೇಡಿ ಅಂತ. ನೋಡಿದ್ರೆ ನಮಗೂ ಹಾಗೇ ಅನ್ಸುತ್ತೆ, ತೆಳ್ಳನೆ ತಂತಿ ಕಾಲಿಗೆ ಒತ್ತುತ್ತೆ ಅಲ್ವಾ. 1973ರಲ್ಲಿ ಹ್ಯೂಸ್ ಮತ್ತು ಬ್ಲ್ಯಾಕ್ ಅನ್ನೋ ಇಬ್ಬರು ಬೇರೆ ಬೇರೆ ತಳ ಇಟ್ಟು ಕೋಳಿಗಳನ್ನೇ ಬಿಟ್ಟು ನೋಡಿದ್ರು. ಕೋಳಿಗಳು ಹೋಗಿ ನಿಂತಿದ್ದು ಕಮಿಟಿ ಬೇಡ ಅಂದ ತೆಳ್ಳನೆ ಬಲೆ ಮೇಲೇ! ಪಾದಕ್ಕೆ ಹೆಚ್ಚು ಕಡೆ ಆಸರೆ ಸಿಗ್ತಿದ್ದಿದ್ದು ಅದರಲ್ಲೇ.

ಕಮಿಟಿಯವರು ಒಳ್ಳೆಯವರೇ, ಕರುಣೆಯಿಂದಾನೇ ಹೇಳಿದ್ದು. ನಿನಗೂ ಕರುಣೆ ಬೇಕಾದಷ್ಟಿದೆ ಅಂತ ಗೊತ್ತು, ಅದಕ್ಕೇ ಈ ಕಥೆ ಹೇಳಿದ್ದು. ಹಾಗಂತ ಕೋಳಿಗೆ ಪಂಜರ ಇಷ್ಟ ಅಂತ ಯಾರಾದ್ರೂ ಇದನ್ನೇ ಹಿಡ್ಕೊಂಡು ವಾದಕ್ಕೆ ಬಂದ್ರೆ ಸುಮ್ನಿರ್ಬೇಡ, ಅಲ್ಲಿ ಕೇಳಿದ್ದು ಈ ತಂತಿನೋ ಆ ತಂತಿನೋ ಅಂತ ಅಷ್ಟೇ, ಮಣ್ಣು ಬೇಕಾ ಅಂತ ಯಾರೂ ಕೇಳ್ಲಿಲ್ಲ.

ಮಣ್ಣಿನ ಮಾತು ಬಂದ್ರೆ ಪ್ರಾಣಿಗಳ ನಡವಳಿಕೆ ಅಭ್ಯಾಸ ಮಾಡೋ ವಿಜ್ಞಾನಿ ಮೇರಿಯನ್ ಡಾಕಿನ್ಸ್ ಅವರನ್ನ ಓದು, ಇದು ಮಾತ್ರ ನನ್ನ ಅಪ್ಪಣೆ ಅಂತಾನೇ ಇಟ್ಕೋ. ಪಂಜರದಲ್ಲೇ ಇದ್ದ ಕೋಳಿಗಳಿಗೆ ಪಂಜರ ಮತ್ತು ಹೊರಗಿನ ಬಯಲು ಎರಡನ್ನೂ ಅವರು ತೋರಿಸಿದಾಗ ಅವು ಮೊದಲು ಅಭ್ಯಾಸ ಇದ್ದ ಪಂಜರಕ್ಕೇ ಹೋದ್ವು, ಸ್ವಲ್ಪ ಬಯಲಿನ ರುಚಿ ಹತ್ತಿದ ಮೇಲೆ ಬಯಲಿನ ಕಡೆ ತಿರುಗಿದ್ವು. ಈಗ ಹೇಳು, ಕೋಳಿಯ ಯಾವ ಆಯ್ಕೆ ನಿಜವಾದ ಆಯ್ಕೆ? ಮನುಷ್ಯರ ವಿಷಯದಲ್ಲಿ ಫಿಲಾಸಫರ್ ಮಾರ್ಥಾ ನುಸ್‌ಬಾಮ್ ಇದನ್ನೇ ಎಷ್ಟೋ ವರ್ಷದಿಂದ ಬರೀತಾ ಬಂದಿದಾರೆ, ಕಷ್ಟದಲ್ಲೇ ಬೆಳೆದೋರು ಕಷ್ಟಕ್ಕೇ ಒಗ್ಗಿ ಅದೇ ಸಾಕು ಅಂದ್ಬಿಡ್ತಾರೆ, ಆ ಮಾತನ್ನ ಹಾಗೇ ತಗೋಬಾರದು ಅಂತ. ಆಮೇಲೆ ಪ್ರಾಣಿಗಳಿಗೆ ನ್ಯಾಯ ಅಂತ ದೊಡ್ಡ ಪುಸ್ತಕಾನೂ ಬರೆದ್ರು. ಇನ್ನೊಂದು ಕಡೆ ಮಿಂಕ್ ಇದೆ. ತುಪ್ಪಳಕ್ಕೆ ಅಂತ ತಲೆಮಾರುಗಳಿಂದ ಫಾರ್ಮಲ್ಲೇ ಸಾಕ್ಕೊಂಡು ಬಂದಿರೋ ಪ್ರಾಣಿ, ಆದ್ರೂ ಈಜೋಕೆ ನೀರಿರೋ ಕಡೆ ಹೋಗೋಕೆ ಭಾರ ಹಾಕಿದ ಬಾಗಿಲನ್ನ ತಳ್ಳಿಕೊಂಡು ಹೋಗುತ್ತೆ, ಆ ನೀರು ತಪ್ಪಿಸಿದ್ರೆ ಊಟ ತಪ್ಪಿಸಿದಾಗಿನಷ್ಟೇ ಒತ್ತಡ ಅದರ ಮೈಯಲ್ಲಿ ಕಾಣುತ್ತೆ ಅಂತ ಜಾರ್ಜಿಯಾ ಮೇಸನ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ್ರು. ಅಂದ್ರೆ ಎಲ್ಲಾ ಆಸೆನೂ ಅಭ್ಯಾಸದಿಂದ ಸಾಯಲ್ಲ. ಯಾವುದು ಸಾಯುತ್ತೆ, ಯಾವುದು ಸಾಯಲ್ಲ, ಸತ್ತಿದ್ರೆ ಅದರ ಹೊಣೆ ಯಾರದು, ನಿನ್ನ ಥೀಸಿಸ್ ಇಲ್ಲಿದೆ ನೋಡು ಪುಟ್ಟಿ. ಫಿಲಾಸಫಿಯೋರು ಇದನ್ನ ಮೇಲ್ಮೇಲೆ ಮುಟ್ಟಿ ಬಿಡ್ತಾರೆ, ಕೋಳಿ ನೋಡೋರಿಗೆ ನುಸ್‌ಬಾಮ್ ಓದೋಕೆ ಪುರುಸೊತ್ತಿಲ್ಲ.

ಎರಡೂ ಕಡೆ ಓಡಾಡಿದೋರು ಇಲ್ಲ ಅಂತಲ್ಲ. ಬರ್ನಾರ್ಡ್ ರೋಲಿನ್ ಫಿಲಾಸಫಿ ಮೇಷ್ಟ್ರು, ಕೊಲರಾಡೋದಲ್ಲಿ ನಮ್ಮಂಥ ಪಶುವೈದ್ಯರಿಗೇ ಎಥಿಕ್ಸ್ ಪಾಠ ಮಾಡಿದ್ರು, ಲ್ಯಾಬ್ ಪ್ರಾಣಿಗಳಿಗೆ ನೋವು ಕಮ್ಮಿ ಮಾಡ್ಲೇಬೇಕು ಅಂತ ಅಮೆರಿಕದಲ್ಲಿ 1985ರಲ್ಲಿ ಬಂದ ಕಾನೂನಿನ ಹಿಂದೆ ಅವರ ದುಡಿಮೆ ಇದೆ. ಈಗ ಲಂಡನ್ನಿನ ಫಿಲಾಸಫಿ ಮೇಷ್ಟ್ರು ಜೋನಾಥನ್ ಬರ್ಚ್ ಇದಾರೆ, ಅವರ ತಂಡ ಏಡಿ, ಆಕ್ಟೋಪಸ್‌ಗೆಲ್ಲ ಅರಿವಿದೆಯಾ ಅಂತ ಎಂಟು ಮಾನದಂಡ ಇಟ್ಕೊಂಡು ಮುನ್ನೂರಕ್ಕೂ ಹೆಚ್ಚು ಸಂಶೋಧನೆ ಜಾಲಾಡಿ 2021ರಲ್ಲಿ ವರದಿ ಕೊಡ್ತು, ಮರುವರ್ಷ ಪ್ರಾಣಿಗಳಿಗೆ ಅರಿವಿದೆ ಅಂತ ಒಪ್ಪೋ ಬ್ರಿಟನ್ ಕಾನೂನಲ್ಲಿ ಅವೂ ಸೇರಿದ್ವು. ಆ ವರದಿಯ ಭಾಷೆ ನೋಡು, ಯಾವ ಪ್ರಾಣಿಗೆ ಸಾಕ್ಷಿ ಗಟ್ಟಿ, ಯಾವುದಕ್ಕೆ ಸಾಲದು ಅಂತ ಬಿಡಿಸಿ ಹೇಳ್ತಾರೆ, ಹಾಗೆ ಬರೆಯೋದು ಕಲಿ.

ಫ್ರಾನ್ಸಿಯೋನ್‌ನ ಮಾತ್ರ ನಿನ್ನ ಥೀಸಿಸ್‌ನಿಂದ ತೆಗೀಬೇಡ, ಅವರ ವಾದ ನನಗೆ ಒಪ್ಪಿಗೆ ಇಲ್ಲ, ಆದ್ರೆ ಕೋಳಿಗೆ ಯಾವ ತಳ ಇಷ್ಟ ಅಂತ ಕೇಳ್ತಾ ಕೇಳ್ತಾ ನಾವು ಪಂಜರಕ್ಕೇ ಮರ್ಯಾದೆ ತಂದುಕೊಡ್ತಿದೀವಾ ಅನ್ನೋ ಪ್ರಶ್ನೆ ಅವರದ್ದು, ಅದಕ್ಕೆ ಒಂದು ಇಡೀ ಅಧ್ಯಾಯದಲ್ಲಿ ಉತ್ತರ ಕೊಡು, ಅಡಿಟಿಪ್ಪಣಿಯಲ್ಲಿ ತಳ್ಳಿಹಾಕ್ಬೇಡ. ಇನ್ನು ಈ ಗುಂಪು ಆ ಗುಂಪು ಅಂತ ಸೆಮಿನಾರ್‌ಗಳಲ್ಲಿ ನಡೆಯೋ ಕಿತ್ತಾಟಕ್ಕೆ ಹೋಗ್ಬೇಡ, ಅಲ್ಲಿ ಯಾರು ಏನು ತಿಂತಾರೆ ಅನ್ನೋದ್ರ ಮೇಲೆ ವಾದದ ತೂಕ ಹಾಕ್ತಾರಂತೆ, ನನಗಂತೂ ನಗು ಬರುತ್ತೆ.

ಗೈಡ್‌ನ ಕೇಳು, ಪಶುವೈದ್ಯಕೀಯ ಕಡೆಯಿಂದ ಅನಿಮಲ್ ವೆಲ್ಫೇರ್ ಗೊತ್ತಿರೋರನ್ನ ಕೋ-ಗೈಡ್ ಆಗಿ ತಗೋಬಹುದಾ ಅಂತ. ಆಗಲ್ಲ ಅಂದ್ರೆ ಒಂದು ಸೆಮಿಸ್ಟರಾದ್ರೂ ಅವರ ಲ್ಯಾಬ್‌ನಲ್ಲಿ ಕೂರೋಕೆ ಪರ್ಮಿಷನ್ ತಗೋ. ಪ್ರಪೋಸಲ್ ತಿದ್ದಿ ಕಳ್ಸು, ಈ ಸಲ ಕೆಂಪು ಪೆನ್ ಹಿಡ್ಕೊಂಡೇ ಓದ್ತೀನಿ.

ನಿನ್ನ ದೊಡ್ಡಪ್ಪ